ಡಬ್ಬಿ ಕರಗಿಸಿದ ಹೊಟ್ಟೆ

ಟೇಲರಕ್ಕನ ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರಗಳು. ಬಾಗಿಲ ಪಕ್ಕದ್ದು ಅವಳದು, ಕಿಟಕಿ ಪಕ್ಕದ್ದು ಸೊಸೆಯದು. ಅತ್ತೆ ಒಣಕಲು ಕಡ್ಡಿ, ಸೊಸೆ ಗುಂಡುಗುಂಡಗೆ. ಹೆರಿಗೆಯಾದ ಮೇಲೆ ಸೊಸೆ ಇನ್ನಷ್ಟು ಮೈ ತುಂಬಿಕೊಂಡಿದ್ದಳು. ಬಟ್ಟೆ ಹೊಲಿಸಲು ಬಂದವರೆಲ್ಲ ಅವಳನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಇಳಿಸಬಾರದೇನಮ್ಮಾ ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಇವರನ್ನು ಕೇಳಿದವರು ಯಾರು? ಅವಳ ಭಾರ ಇವರ ತಲೆಯ ಮೇಲೇನಾದರೂ ಕೂತಿತ್ತೇ?

ಸೊಸೆ ನಕ್ಕು ಹೊಲಿಗೆ ಮುಂದುವರಿಸುತ್ತಿದ್ದಳು. ಅದು ನಿಜವಾದ ನಗುವೆಂದೇ ಟೇಲರಕ್ಕ ತಿಳಿದಿದ್ದಳು.

ಒಂದು ಬೆಳಿಗ್ಗೆ ಸೊಸೆಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ದಾರದ ತುದಿಯನ್ನು ಕತ್ತರಿಸಿದಳು, ನಾಲಿಗೆಗೆ ತಾಕಿಸಿ ಒದ್ದೆ ಮಾಡಿದಳು, ಮತ್ತೆ ಪೋಣಿಸಲು ಹೋದಳು. ಕೈ ಗಡಗಡ ನಡುಗುತ್ತಿತ್ತು. ಕೊನೆಗೆ ಅತ್ತೆಯೇ ಕನ್ನಡಕ ಏರಿಸಿಕೊಂಡು ಪೋಣಿಸಿಕೊಟ್ಟಳು. ಮಧ್ಯಾಹ್ನ ಕಾಲರ್ ಹೊಲಿಯುವಾಗ ಸೂಜಿ ಸೊಸೆಯ ಬೆರಳ ಮೇಲೇ ಇಳಿಯಿತು. ಬೆರಳಿಗೆ ಬಟ್ಟೆ ಸುತ್ತುತ್ತಾ ಟೇಲರಕ್ಕ ಅವಳ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಎದ್ದುಬಿದ್ದು ಓಡುತ್ತಿತ್ತು. ಅಂಗಡಿಗೆ ಬೀಗ ಹಾಕಿ ಸೊಸೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಅಲ್ಲಿಯ ನರ್ಸನ್ನು ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುವುದು. ಸಿಸ್ಟರ್ ಗಾಯ ತೊಳೆದು ಪಟ್ಟಿ ಕಟ್ಟಿದಳು, ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಹೃದಯದ ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಅಪಾಯವಿಲ್ಲ, ಆದರೆ ಇಷ್ಟು ಬಡಿತಕ್ಕೆ ಏನೋ ಕಾರಣವಿದೆ, ವಿಚಾರಿಸಿ ಎಂದರು. ರಾತ್ರಿ ನಿದ್ದೆ ಬರುತ್ತದೆಯೇ, ಬೇರೆ ಯಾವುದಾದರೂ ಮಾತ್ರೆ ನುಂಗುತ್ತೀಯಾ ಎಂದು ಸಿಸ್ಟರ್ ಕೇಳಿದಳು. ಸೊಸೆ ಒಮ್ಮೆ ಅತ್ತೆಯ ಮುಖ ನೋಡಿ, ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, ಕೊಬ್ಬು ಕರಗಿಸುತ್ತದೆ ಎಂಬ ದಪ್ಪ ಅಕ್ಷರ.

"ಹಿಂದಿನ ಬೀದಿ ಮೇಡಂ ಮಾರ್ತಾರೆ ಸಿಸ್ಟರ್. ಎಲ್ಲಾ ಗಿಡಮೂಲಿಕೆನೇ ಅಂತೆ."

"ವಿಷದ ಗಿಡಾನೂ ಗಿಡಾನೇ ಕಣಮ್ಮಾ," ಎಂದಳು ಸಿಸ್ಟರ್.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಇಂಥ ಎಷ್ಟೋ ಡಬ್ಬಿಗಳಲ್ಲಿ ಕಾಫಿಯಲ್ಲಿರುವ ಕೆಫೀನನ್ನೇ ವಿಪರೀತ ತುಂಬಿರುತ್ತಾರೆ. ಅದರಿಂದ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವುಗಳಲ್ಲಿ ಡಬ್ಬಿಯ ಚೀಟಿಯ ಮೇಲೆ ಬರೆಯದ ಔಷಧಿಯನ್ನೂ ಬೆರೆಸಿರುತ್ತಾರೆ. ಕೆಲವು ಪಿತ್ತಜನಕಾಂಗವನ್ನೇ ಹಾಳುಮಾಡುತ್ತವೆ. ಇಷ್ಟೆಲ್ಲ ಕಷ್ಟಕ್ಕೆ ತೂಕವಾದರೂ ಇಳಿಯುತ್ತದೆಯೇ ಎಂದರೆ ಅದೂ ಇಲ್ಲ. ಜನರಿಗೆ ಕೊಟ್ಟು ಪರೀಕ್ಷಿಸಿದಾಗ ಹೆಚ್ಚಿನವುಗಳಿಂದ ತೂಕ ಇಳಿದಿಲ್ಲ, ಇಳಿದಿದ್ದರೂ ಕಂಡೂ ಕಾಣದಷ್ಟು.

ಸೊಸೆ ಒಪ್ಪಲಿಲ್ಲ. ತನಗೆ ಸ್ವಲ್ಪ ಇಳಿದಿದೆಯಲ್ಲ ಎಂದಳು. ಡಬ್ಬಿಯ ಜೊತೆಗೆ ಇನ್ನೇನು ಹೇಳಿದ್ದರು ಎಂದು ಸಿಸ್ಟರ್ ಕೇಳಿದಳು. ರಾತ್ರಿ ಊಟ ಬಿಡಬೇಕು, ಸಿಹಿ ಮುಟ್ಟಬಾರದು ಎಂದಿದ್ದರಂತೆ.

"ಹಾಗಿದ್ರೆ ಹಸ್ಕೊಂಡಿದ್ದು ನೀನು, ಹೆಸರು ಮಾತ್ರ ಡಬ್ಬಿದು," ಎಂದು ಸಿಸ್ಟರ್ ನಕ್ಕಳು. ಅದರಲ್ಲೂ ಒಂದಷ್ಟು ಬರೀ ನೀರಿನ ತೂಕ, ಕುಡಿದರೆ ವಾಪಸು ಬರುತ್ತದೆ ಎಂದಳು.

ಅಂಗಡಿಗೆ ವಾಪಸು ಬಂದ ಮೇಲೂ ಸೊಸೆಯ ಮನಸ್ಸು ಅರ್ಧ ಅಲ್ಲಿ, ಅರ್ಧ ಇಲ್ಲಿ. ಸಿಸ್ಟರ್ ಹೇಳುವುದೆಲ್ಲ ಸರಿ, ಆದರೆ ಡಬ್ಬಿ ಮೇಡಂ ಮಾತ್ರೆ ನುಂಗಿ ಸಣ್ಣಗಾಗಿ ಕಣ್ಣೆದುರೇ ಇದ್ದಾರಲ್ಲ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಎಡಗಡೆ ಮೇಡಂಗೆ ಗುಡಾಣದಂಥ ಹೊಟ್ಟೆ, ಬಲಗಡೆ ಸಪೂರ ಸೊಂಟ. ಎರಡರಲ್ಲೂ ಅದೇ ನೀಲಿ ಟಾಪು.

ಬೇರೆ ಯಾರೇ ಆಗಿದ್ದರೂ ಕಣ್ಣು ಹೊಟ್ಟೆಯ ಮೇಲೆ ಹೋಗುತ್ತಿತ್ತು. ಟೇಲರಕ್ಕನ ಕಣ್ಣು ಕುತ್ತಿಗೆಯ ಪಟ್ಟಿಯ ಮೇಲೆ ಹೋಯಿತು. ಅಂಚಿಗೆ ಸುತ್ತಿದ ಬಿಳಿ ಪೈಪಿಂಗ್. ತನ್ನದೇ ಕೈಯ ಹೊಲಿಗೆ. ಡಬ್ಬಿ ಮೇಡಂ ನೀಲಿ ಬಟ್ಟೆ ತಂದು, ಒಂದು ಅಳತೆಗೆ ಸರಿಯಾಗಿ, ಇನ್ನೊಂದು ಚೆನ್ನಾಗಿ ದೊಗಳೆಯಾಗಿ ಇರಲಿ ಎಂದು ಎರಡನ್ನೂ ಒಟ್ಟಿಗೇ ಹೊಲಿಸಿಕೊಂಡಿದ್ದಳು. ದೊಡ್ಡದು ಅವಳ ಅಕ್ಕನಿಗಿರಬೇಕು ಎಂದುಕೊಂಡಿದ್ದಳು ಟೇಲರಕ್ಕ. ಮೊನ್ನೆ ಮೇಡಂ ಆ ದೊಡ್ಡದನ್ನೇ ವಾಪಸು ತಂದು, ಇದರ ಕೆಲಸ ಮುಗಿಯಿತು, ನನ್ನ ಮೈಗೆ ಹಿಡಿಸಿಕೊಡಿ ಎಂದಿದ್ದಳು. ಅದಿನ್ನೂ ಆಲ್ಟರೇಷನ್ ಚೀಲದಲ್ಲೇ ಬಿದ್ದಿತ್ತು. ಟೇಲರಕ್ಕ ಅದನ್ನು ಎಳೆದು ಸೊಸೆಯ ಮಡಿಲಿಗೆ ಹಾಕಿದಳು.

"ಎರಡೂ ಒಂದೇ ದಿನ ಹೊಲಿದಿದ್ದು. ಈ ಫೋಟೋ ನೋಡು. ಮೈ ಬಂದೋರ ಬಟ್ಟೆ ಕಂಕುಳಲ್ಲೂ ಹಿಡಿಯುತ್ತೆ. ಇಲ್ಲಿ ಭುಜ ಜೋತು ಬಿದ್ದಿದೆ, ಹೊಟ್ಟೆ ಒಂದೇ ಮುಂದಕ್ಕೆ ಬಂದಿದೆ. ಒಳಗೆ ಏನೋ ತುರುಕಿದಾರೆ."

ಸೊಸೆ ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೊಲಿಗೆ ಮುಟ್ಟಿ ನೋಡಿದಳು. ಆಮೇಲೆ ಅಳು ಕಿತ್ತುಕೊಂಡು ಬಂತು. ಬಂದವರೆಲ್ಲ ಆಡಿಕೊಳ್ಳುತ್ತಾರೆ, ಎಷ್ಟು ದಿನ ನಗುತ್ತಾ ಕೂರಲಿ ಎಂದಳು. ಟೇಲರಕ್ಕ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತಳು.

"ಇಷ್ಟು ವರ್ಷ ಪಕ್ಕದಲ್ಲೇ ಕೂತು ಹೊಲಿದೆ. ಯಾರದೋ ಕಂಕುಳ ಸುಕ್ಕು ಕಾಣ್ಸುತ್ತೆ ನಂಗೆ, ನೀನು ಕಾಣ್ಲಿಲ್ಲ ನೋಡು," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೆ ಅಳುತ್ತಾ ಕೂರುವ ಜಾತಿಯಲ್ಲ ಅವಳದು. ಸಿಟ್ಟು ನೆತ್ತಿಗೇರಿತ್ತು. ತನ್ನ ಕತ್ತರಿ, ತನ್ನ ಸೂಜಿ ಹಿಡಿದು ತನ್ನ ಸೊಸೆಗೇ ಟೋಪಿ ಹಾಕಿದ್ದರಲ್ಲ.

ಡಬ್ಬಿ ಮೇಡಂ ಗಿರಾಕಿಗಳನ್ನು ಸೇರಿಸಿ ಸಭೆ ನಡೆಸುವುದು ಬೇಕರಿಯ ಮೇಲಿನ ಕೋಣೆಯಲ್ಲಿ. ಕೆಳಗಿಂದ ಬಿಸಿ ಬನ್ನಿನ ವಾಸನೆ, ಮೇಲೆ ಕೊಬ್ಬು ಕರಗಿಸುವ ಭಾಷಣ. ಭಾನುವಾರ ಅತ್ತೆ ಸೊಸೆ ಇಬ್ಬರೂ ಹೋದರು. ಗೋಡೆಯ ಮೇಲೆ ಅದೇ ಫೋಟೋ, ಆಳೆತ್ತರಕ್ಕೆ. ಮೇಡಂ ಮಾತು ಮುಗಿಸಿ, ಯಾರಿಗಾದರೂ ಅನುಮಾನವಿದ್ದರೆ ಕೇಳಿ ಎಂದಳು. ಟೇಲರಕ್ಕ ಎದ್ದು ಬಾಗಿಲ ಹಿಂದೆ ಹೋದಳು. ಅಂಗಡಿಯಿಂದ ತಂದಿದ್ದ, ಇಸ್ತ್ರಿ ಮಾಡುವಾಗ ಕೆಳಗೆ ಹಾಸುವ ಕಂಬಳಿಯನ್ನು ಸೊಂಟಕ್ಕೆ ಸುತ್ತಿ, ಮೇಲೆ ಆ ದೊಗಳೆ ಟಾಪು ಹಾಕಿಕೊಂಡು ಬಂದು ಫೋಟೋದ ಪಕ್ಕ ನಿಂತಳು. ಕಡ್ಡಿಯಂಥ ಟೇಲರಕ್ಕನಿಗೆ ಗುಡಾಣದ ಹೊಟ್ಟೆ.

"ಇದು ಮೊದ್ಲು," ಎಂದಳು. ಟಾಪಿನೊಳಗೆ ಕೈ ಹಾಕಿ ಕಂಬಳಿ ಎಳೆದು ನೆಲಕ್ಕೆ ಬಿಟ್ಟಳು. "ಇದು ಆಮೇಲೆ. ಮಧ್ಯ ಒಂದು ಮಾತ್ರೆನೂ ನುಂಗಿಲ್ಲ."

ಕೋಣೆ ನಗುವಿನಿಂದ ಬಿದ್ದುಹೋಗುವ ಹಾಗಾಯಿತು. ಮೇಡಂ ಮುಖ ಕೆಂಪಾಯಿತು. ತಾನೂ ಹೊಟ್ಟೆಪಾಡಿಗೆ ಮಾರುವವಳು, ಗಿರಾಕಿಯ ಬಟ್ಟೆಯನ್ನು ಹೀಗೆ ಬೀದಿಗೆ ತರುವುದು ಸರಿಯೇ ಎಂದು ರೇಗಿದಳು. ಟೇಲರಕ್ಕ ಸೊಸೆಯ ಕೈಯಲ್ಲಿದ್ದ ಡಬ್ಬಿಯತ್ತ ಬೆರಳು ತೋರಿಸಿದಳು.

"ಈ ಮಾತ್ರೆ ನೀವು ತಗೋತೀರಾ ಮೇಡಂ?"

"ನಂಗ್ಯಾಕೆ ಬೇಕು? ನಾನು ಮೊದಲಿಂದ್ಲೂ ಸಣ್ಣಗೇ ಇದೀನಿ."

ಬಾಯಿಂದ ಬಿದ್ದ ಮೇಲೆ ಏನು ಮಾಡಲಾದೀತು? ಎಲ್ಲರೂ ಗೋಡೆಯ ಫೋಟೋ ನೋಡಿದರು, ಮೇಡಂನ ನೋಡಿದರು. ಆಗ ಸೊಸೆ ಎದ್ದಳು. ಪಟ್ಟಿ ಕಟ್ಟಿದ ಬೆರಳನ್ನು ಮೇಲೆತ್ತಿ ತೋರಿಸಿ, ತನ್ನ ಡಬ್ಬಿಯನ್ನು ಮೇಡಂನ ಮೇಜಿನ ಮೇಲೆ ಇಟ್ಟಳು.

"ಇದು ನನ್ನ ಕೊಬ್ಬು ಕರಗಿಸ್ಲಿಲ್ಲ, ಕೈ ನಡುಗಿಸ್ತು. ನನ್ನ ಅನ್ನ ಈ ಕೈಲಿದೆ. ನಾನು ದಪ್ಪಗೇ ಇರ್ತೀನೋ ಸಣ್ಣಗಾಗ್ತೀನೋ, ಅದು ನಂಗೂ ಡಾಕ್ಟ್ರಿಗೂ ಬಿಟ್ಟಿದ್ದು."

ಹಿಂದಿನ ಸಾಲಿನಿಂದ ಇನ್ನೊಂದು ಡಬ್ಬಿ ಬಂತು. ಅದರ ಹಿಂದೆ ಮತ್ತೊಂದು. ಮೇಜು ತುಂಬಿತು.

ಈಗ ಸೊಸೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ಡಾಕ್ಟರು ಹೇಳಿದಂತೆ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾಳೆ. ಅತ್ತೆ ಸೊಸೆ ಸಂಜೆ ಅಂಗಡಿ ಮುಚ್ಚಿ ಬಿರುಸಾಗಿ ನಡೆದು ಬರುತ್ತಾರೆ. ಯಾರಾದರೂ ಬಂದು ಸೊಸೆಯ ಮೈ ನೋಡಿ ಬಾಯಿ ತೆರೆದರೆ ಟೇಲರಕ್ಕ ಟೇಪು ಎತ್ತಿ, "ಅಳತೆ ತೆಗೆಯೋದು ನನ್ನ ಕೆಲಸ, ನಿಮ್ದಲ್ಲ," ಎನ್ನುತ್ತಾಳೆ.

ಅಮ್ಮಂದಿರೇ, ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಯಾರೋ ಡಬ್ಬಿ ತಂದು ಕೊಡುತ್ತಾರೆ. ಫೋಟೋ ತೋರಿಸುತ್ತಾರೆ. ಕೊಬ್ಬನ್ನು ತಾನಾಗಿ ಕರಗಿಸುವ ಡಬ್ಬಿ ಇಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು, ರಕ್ತದೊತ್ತಡ ಇರುವವರು ಅದನ್ನು ಮುಟ್ಟಲೇಬೇಡಿ. ತೂಕ ನಿಜವಾಗಿ ತೊಂದರೆ ಕೊಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಔಷಧಿ ಬೇಕಿದ್ದರೆ ಅವರೇ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. ಈಗಾಗಲೇ ನುಂಗುತ್ತಿದ್ದು, ಎದೆ ಹೊಡೆದುಕೊಳ್ಳುತ್ತಿದ್ದರೆ, ಕೈ ನಡುಗುತ್ತಿದ್ದರೆ ಇಂದೇ ನಿಲ್ಲಿಸಿ, ಡಬ್ಬಿಯನ್ನು ಹಿಡಿದುಕೊಂಡೇ ಆಸ್ಪತ್ರೆಗೆ ನಡೆಯಿರಿ. ನಾಚಿಕೆ ಬೇಡ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ಟೇಲರಕ್ಕನ ಸೊಸೆ ಈಗ ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ.