ಬಗ್ಗಿದರೆ ಮೇಲೇರುವ ಯೂನಿಫಾರ್ಮ್

೧

ಈ ಕಥೆಯನ್ನು ಬಣ್ಣದಿಂದ ಶುರು ಮಾಡಲೋ, ಬಟ್ಟೆಯಿಂದಲೋ? ಆಸ್ಪತ್ರೆಯ ಸಿಬ್ಬಂದಿಗೆಲ್ಲ ಒಂದೇ ಯೂನಿಫಾರ್ಮ್ ಆರಿಸಲು ಕಮಿಟಿ ಕೂತಿದೆ. ಮೂರು ಮೀಟಿಂಗ್ ಮುಗಿದರೂ ತಿಳಿನೀಲಿಯೋ ಕಡುನೀಲಿಯೋ ಎಂಬಲ್ಲೇ ಇದ್ದಾರೆ. ನಾನೂ ಮೂರು ಸಲ ಬರೆದು ಹರಿದೆ. (ನಗಬೇಡಿ. ನೀಲಿಯ ಮೇಲೆ ನೀವೊಂದು ಪುಟ ಬರೆದು ತೋರಿಸಿ, ನೋಡೋಣ.)

೨

"ಸಾರ್, ನೀವೂ ಬಣ್ಣಕ್ಕೇ ಜೋತುಬಿದ್ರಾ?" ಎಂದಳು ವಾರ್ಡಿನ ಸಿಸ್ಟರ್. ಸ್ಯಾಂಪಲ್ ತೊಟ್ಟು ನಿಲ್ಲಲಿ ಎಂದಷ್ಟೇ ಅವಳನ್ನು ಕಥೆಗೆ ತಂದಿದ್ದೆ. ಮಾತು ಕೊಟ್ಟಿರಲಿಲ್ಲ.

"ಮತ್ತಿನ್ನೇನಮ್ಮಾ?"

"ಈ ಟಾಪ್ ಗಿಡ್ಡ. ಬಗ್ಗಿದ್ರೆ ಬೆನ್ನು ಕಾಣುತ್ತೆ. ಒಂದು ಕೈಲಿ ಇದನ್ನ ಕೆಳಕ್ಕೆ ಎಳ್ಕೊಂಡು, ಇನ್ನೊಂದು ಕೈಲಿ ಪೇಷಂಟನ್ನ ಎತ್ತೋದಾ? ನೆಂಟರೆಲ್ಲ ನೋಡ್ತಾ ನಿಂತಿರ್ತಾರೆ. ನಾಚಿಕೆ ಆಗುತ್ತೆ ಸಾರ್. ಇವತ್ತು ಬಣ್ಣ ಗೊತ್ತಾಗಿ ಆರ್ಡರಿಗೆ ಸಹಿ ಬಿದ್ರೆ ಇನ್ನೈದು ವರ್ಷ ಇದೇ ಗತಿ."

"ಕಮಿಟಿಗೆ ಹೇಳಬೇಕಿತ್ತು."

"ಹೇಳದೆ ಇರ್ತೀನಾ? ಅವರೂ ಹಾಕ್ಕೊಂಡು ನೋಡಿದ್ರು. ಕನ್ನಡಿ ಮುಂದೆ, ನೆಟ್ಟಗೆ ನಿಂತ್ಕೊಂಡು!"

ಹರಿದ ಚೂರುಗಳನ್ನು ಜೋಡಿಸಿ ನೋಡಿದೆ. ಹರಿದ ಮೂರು ಕರಡಿನಲ್ಲೂ ಒಬ್ಬರೂ ಬಗ್ಗಿರಲಿಲ್ಲ.

೪

(ಮೂರನೆಯ ಭಾಗ ತೆಗೆದುಹಾಕಿದೆ. ಅದರಲ್ಲಿ ಬರೀ ಟಾಪಿನ ಗುಂಡಿಗಳ ಮಾತಿತ್ತು.)

ಮುಕ್ತಾಯ ಒಂದು: ಕಮಿಟಿಯ ಅಧ್ಯಕ್ಷರು ಸಹಿ ಹಾಕುತ್ತಾರೆ. ಚಪ್ಪಾಳೆ.

"ಥೂ," ಎಂದಳು ಸಿಸ್ಟರ್.

ಮುಕ್ತಾಯ ಎರಡು: ಅಧ್ಯಕ್ಷರಿಗೆ ಸ್ಯಾಂಪಲ್ ತೊಡಿಸಿ ವಾರ್ಡಿಗೇ ಕರೆತಂದೆ. ಮಂಚದ ಅಂಚಿನಲ್ಲಿ ಕೂತ ಅಜ್ಜನನ್ನು ಗಾಲಿಕುರ್ಚಿಗೆ ಕೂರಿಸಬೇಕು. ಅಧ್ಯಕ್ಷರು ಅವನ ಕಂಕುಳಿಗೆ ಎರಡೂ ಕೈ ಹಾಕಿ ಬಗ್ಗಿ ಎತ್ತಿದರು. ಟಾಪ್ ಮೇಲೇರಿತು. ಅಜ್ಜನ ಮೊಮ್ಮಗಳು ಕಿಸಕ್ಕೆಂದಳು. ಅಧ್ಯಕ್ಷರ ಒಂದು ಕೈ ತಾನಾಗಿಯೇ ಬೆನ್ನಿಗೆ ಹೋಯಿತು. ಅಜ್ಜ ಪಕ್ಕಕ್ಕೆ ವಾಲಿದ.

ಅಯ್ಯಯ್ಯೋ! ಸಿಸ್ಟರ್ ಓಡಿಬಂದು ಅವನನ್ನು ತಬ್ಬಿ ಹಿಡಿದಳು. ಅವಳ ಟಾಪೂ ಮೇಲೇರಿತ್ತು. ಎಳೆದುಕೊಳ್ಳಲು ಹೋಗಲಿಲ್ಲ. ಮುಖ ಮಾತ್ರ ಕೆಂಪಾಗಿತ್ತು. ನೋಡಿ ನನಗೆ ಸಂಕಟವಾಯಿತು.

೫

ಆಮೇಲೆ ಅಧ್ಯಕ್ಷರು ಫೈಲ್ ವಾಪಸ್ ಕಳಿಸಿದರೇ, ಇಲ್ಲ ಸಹಿ ಹಾಕಿಯೇಬಿಟ್ಟರೇ? ಅದನ್ನು ಬರೆಯಲೆಂದು ಪೆನ್ ಎತ್ತಿದೆ.

"ಬರೆಯೋದು ಆಮೇಲೆ ಸಾರ್! ಬನ್ನಿ, ಈ ಕಡೆ ಹಿಡೀರಿ. ಒಂದು ಕೈ ಸಾಲದು, ಎರಡೂ ಹಾಕಿ."

ಪೆನ್ ಕೆಳಗಿಟ್ಟು ಹೋದೆ. ಅಜ್ಜ ಒಳ್ಳೇ ಭಾರ ಇದ್ದಾನೆ, ಓದುಗರೇ. ಬಗ್ಗಿದ್ದೇನೆ, ಹಿಂದುಗಡೆ ನನ್ನ ಅಂಗಿಯೂ ಮೇಲೇರುತ್ತಿದೆ. ಎಳೆದುಕೊಳ್ಳೋಣವೆಂದರೆ ಕೈ ಬಿಡುವ ಹಾಗಿಲ್ಲ. ದಯವಿಟ್ಟು ನೀವು ಸ್ವಲ್ಪ ಆ ಕಡೆ ನೋಡಿ.