ಹಸಿರು ಅಂಗಿಯ ಮರ್ವಿನ್ ಡೊರೋಶ್

ಕಾರ್ಡಿನಲ್ಲಿ ಮರ್ವಿನ್ ಡೊರೋಶ್‌ಗೆ ಎಂದೆಂದಿಗೂ ಇಪ್ಪತ್ತಾರು ವರ್ಷ. ಮೈಮೇಲೆ ಪೋರ್ಟ್ ಡಾಲ್ಬಿ ತಂಡದ ಹಸಿರು ಅಂಗಿ, ಕೈಯಲ್ಲಿ ಐಸ್ ಹಾಕಿ ಆಟದ ಕೋಲು, ಮುಖದಲ್ಲಿ ಇನ್ನೂ ಏನೂ ಮುರಿಯದವನ ನಗೆ. ಆ ಅಂಗಿಯನ್ನು ಅವನು ಒಂದು ದಿನವೂ ತೊಟ್ಟವನಲ್ಲ.

ವಿನ್‌ಫೀಲ್ಡ್ ತಂಡದ ಕೆಂಪು ಅಂಗಿಯಲ್ಲಿ ಐದು ಚಳಿಗಾಲ, ಇನ್ನೂರ ಹನ್ನೊಂದು ಪಂದ್ಯ, ಒಂಬತ್ತೇ ಗೋಲು. ಅಂಥ ರಕ್ಷಣಾ ಆಟಗಾರನನ್ನು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಪೋರ್ಟ್ ಡಾಲ್ಬಿಗೆ ದಾಟಿಸಿದರು. ಚೂಯಿಂಗ್ ಗಮ್ಮಿನ ಪೊಟ್ಟಣಕ್ಕೆ ಸೇರಬೇಕಾದ, ಆಟಗಾರರ ಚಿತ್ರದ ಕಾರ್ಡುಗಳು ಆಗಲೇ ಅಚ್ಚಿಗೆ ಹೊರಟಿದ್ದವು. ಹೊಸ ಫೋಟೋ ತೆಗೆಯುವ ವ್ಯವಧಾನ ಯಾರಿಗಿತ್ತು? ಕಂಪನಿಯ ಚಿತ್ರಕಾರ ಹಳೆಯ ಫೋಟೋದ ಕೆಂಪಿನ ಮೇಲೆ ಹಸಿರು ಬಳಿದ. ತಂಡ ಬದಲಿಸಿದವರಿಗೆಲ್ಲ ಆ ಕಾಲದಲ್ಲಿ ಕುಂಚವೇ ದರ್ಜಿ. ಕಾರ್ಡು ಅಂಗಡಿಗೆ ಬರುವ ಮೊದಲೇ, ತರಬೇತಿ ಶಿಬಿರದ ಮೂರನೆಯ ದಿನ, ಇನ್ನೂ ಅಭ್ಯಾಸದ ಅಂಗಿಯಲ್ಲಿದ್ದಾಗಲೇ, ಮರ್ವಿನ್‌ನ ಮಂಡಿ ಮುರಿಯಿತು. ಮುಂದಿನ ನಲವತ್ತು ವರ್ಷ ಅವನು ಸಸ್ಕ್ಯಾಚುವಾನ್ ಪ್ರಾಂತ್ಯದ ತನ್ನೂರ ಅಂಕಣದಲ್ಲಿ ಯಂತ್ರ ಓಡಿಸುತ್ತ, ಇತರರು ಗೀಚಿದ ಮಂಜುಗಡ್ಡೆಯನ್ನು ನುಣುಪು ಮಾಡಿದ.

ಸಹಿ ಬೇಡಿ ಕಾರ್ಡುಗಳು ಅಂಚೆಯಲ್ಲಿ ಬರುತ್ತಲೇ ಇದ್ದವು. ಮೊದಮೊದಲು ಸಹಿಯ ಕೆಳಗೆ ‘ಈ ತಂಡಕ್ಕೆ ಒಂದೂ ಪಂದ್ಯ ಆಡಿಲ್ಲ’ ಎಂದು ಬರೆದು ಕಳಿಸುತ್ತಿದ್ದ. ಅವನ ವಿನಯವನ್ನು ಕೊಂಡಾಡಿ ಮರುಪತ್ರಗಳು ಬಂದವು. ಬರೆಯುವುದನ್ನು ಬಿಟ್ಟ.

ಅವನ ಎಪ್ಪತ್ತಾರನೆಯ ವಯಸ್ಸಿನಲ್ಲಿ ಪೋರ್ಟ್ ಡಾಲ್ಬಿಯಿಂದ ಕರೆ ಬಂತು. ಹಳೆಯ ಅಂಕಣ ಮುಚ್ಚುತ್ತಿದೆ, ಹಳೆಯ ಆಟಗಾರರೆಲ್ಲ ಹಸಿರು ತೊಟ್ಟು ಕೊನೆಯ ಸಲ ನಿಲ್ಲಬೇಕು. ಆ ಅಂಗಿಯನ್ನು ಒಮ್ಮೆ ನಿಜವಾಗಿ ತೊಡುವ ಆಸೆ ಅವನಲ್ಲಿ ಐವತ್ತು ವರ್ಷ ಆರದೆ ಉಳಿದಿತ್ತು. ಸುಳ್ಳಿನ ಬಲದಿಂದ ತೊಡಬಾರದೆಂಬ ಹಟವೂ ಅಷ್ಟೇ ಹಳೆಯದು.

“ಯಾವಾಗ್ಲೂ ಇದೊಂದೇ ರಾಗ ನಿಂದು,” ಎಂದಳು ಹೆಂಡತಿ ಅರ್ಲೀನ್. “ಹೋಗು, ಎಲ್ಲಾ ಹೇಳಿ ಹಗುರಾಗಿ ಬಾ. ಪಿರೋಗಿ ಕಡುಬು ಕಟ್ಟಿಕೊಡ್ತೀನಿ, ಅಲ್ಲಿ ಊಟ ಹಾಕ್ತಾರೋ ಇಲ್ವೋ.”

ಭಾನುವಾರ ಮಧ್ಯಾಹ್ನ, ಅಂಕಣದ ಬಟ್ಟೆ ಬದಲಿಸುವ ಕೋಣೆಯಲ್ಲಿ, ಸಮಾರಂಭದ ಹೊಣೆ ಹೊತ್ತ ಕ್ಲೈಡ್ ಫೆನಿಮೋರ್‌ನನ್ನು ಮರ್ವಿನ್ ತಡೆದು ನಿಲ್ಲಿಸಿದ.

“ನಾನಿಲ್ಲಿ ಆಡೇ ಇಲ್ಲ, ಕ್ಲೈಡ್.”

“ಕಾರ್ಡಿದೆಯಲ್ಲ ಮಾರಾಯ.”

“ಅದು ಬರೀ ಬಣ್ಣ.”

“ನನ್ನ ಕೂದ್ಲೂ ಬಣ್ಣವೇ. ತಲೆ ನಂದೇ ತಾನೇ? ಕೈ ಎತ್ತು, ಅಂಗಿ ಹಾಕ್ತೀನಿ.”

ಅವನ ಅಂಗಿಯನ್ನು ಕಾರ್ಡು ನೋಡಿಯೇ ಹೊಲಿಸಿದ್ದರು. ಚಿತ್ರಕಾರ ಮರೆತಿದ್ದ ಹಳದಿ ಪಟ್ಟಿ ತೋಳಿನಲ್ಲಿ ಇರಲಿಲ್ಲ. ಉಳಿದ ಮುದುಕರು ಅದನ್ನು ಕಂಡು ತಮ್ಮ ತೋಳಿನ ಪಟ್ಟಿಗಳನ್ನೇ ಅನುಮಾನಿಸತೊಡಗಿದರು.

ಅಂಕಣದ ಬಾಗಿಲಲ್ಲಿ ಹೇಝಲ್ ಟ್ರಿಂಬಲ್ ಎಂಬ ಮುದುಕಿ ಅವನ ತೋಳು ಹಿಡಿದಳು.

“ಆ ಫೆಬ್ರವರಿ ನೆನಪಿದ್ಯೇನಪ್ಪಾ? ಎದುರು ತಂಡದ ಆ ದಡಿಯನ್ನ ನೀನು ಗೋಡೆಗೆ ಒತ್ತಿದ್ದು? ನನ್ನ ಗಂಡ ನಾರ್ಮನ್ ಎದ್ದು ನಿಂತು, ಕಾಫಿಯೆಲ್ಲ ನನ್ನ ಕೋಟಿನ ಮೇಲೆ.”

“ಅದು ನಾನಲ್ಲಮ್ಮ,” ಎಂದ ಮರ್ವಿನ್. “ನಾನಿಲ್ಲಿ ಒಂದು ಪಂದ್ಯನೂ ಆಡಿಲ್ಲ. ದೇವರಾಣೆ.”

ಅವಳು ಅವನನ್ನೇ ದಿಟ್ಟಿಸಿದಳು. “ಹಾಗಾದ್ರೆ ನಾರ್ಮನ್ ಎದ್ದು ನಿಂತಿದ್ದು ಯಾರಿಗೆ?” ದನಿ ಸಣ್ಣದಾಯಿತು. “ಸುಮ್ಸುಮ್ನೆ ಏಳೋನಲ್ಲ ಅವನು. ಆಸ್ಪತ್ರೆಯಲ್ಲೂ ಕೊನೇತನಕ ನಿನ್ನ ಹೆಸರೇ ಹೇಳ್ತಿದ್ದ.”

ಐವತ್ತು ವರ್ಷಗಳಲ್ಲಿ ಮನೆಯಾಚೆ ಅವನ ಸತ್ಯವನ್ನು ನಂಬಿದ ಮೊದಲ ಜೀವ ಅವಳು. ಆ ನಂಬಿಕೆ ಅವಳ ಮುಖವನ್ನು ಗೆರೆಗೆರೆಯಾಗಿ ಬರಿದು ಮಾಡುತ್ತಿರುವುದನ್ನು ಮರ್ವಿನ್ ನೋಡಿದ.

“ಯಾವ ಮೂಲೆಯ ಗೋಡೆ ಅಂದ್ರಿ?”

ಅವಳು ಎಡಗಡೆಯ ಮೂಲೆ ತೋರಿಸಿದಳು.

“ಓ, ಅದಾ. ಮೊದ್ಲು ಮೊಣಕೈ ಬೀಸಿದ್ದು ಆ ದಡಿಯನೇ. ಸುಮ್ನಿರೋಕಾಗುತ್ತಾ?”

“ಅದನ್ನೇ ನಾರ್ಮನ್ನೂ ಹೇಳಿದ್ದು,” ಎಂದು ಅವಳು ತೋಳು ಬಿಟ್ಟಳು.

ಧ್ವನಿವರ್ಧಕ ಅವನ ಹೆಸರು ಕೂಗಿತು. ಮರ್ವಿನ್ ಡೊರೋಶ್ ಮಂಜುಗಡ್ಡೆಯ ಮೇಲೆ ಹೆಜ್ಜೆಯಿಟ್ಟು, ಉಳಿದವರು ನಿಂತಿದ್ದ ನಡುಗೆರೆಗೆ ಹೋಗುವ ಮುನ್ನ, ಎಡಗಡೆಯ ಆ ಮೂಲೆಯತ್ತ ತಿರುಗಿ ಕೋಲೆತ್ತಿದ.