ಸತ್ತ ಅನ್ನುವುದಕ್ಕೂ ಹೆಸರಿಗೂ ನಡುವೆ

ಯಾವ ಪದದಿಂದ ಶುರು ಮಾಡಲಿ? ‘ತೋಮಾಸಾ ಅಜ್ಜಿ ಅತ್ತಳು’ ಅಂತಲೋ, ‘ಅತ್ತಳು ತೋಮಾಸಾ ಅಜ್ಜಿ’ ಅಂತಲೋ? ಕನ್ನಡಕ್ಕೆ ಮೊದಲನೆಯದು ಸಲೀಸು. ಗ್ವಾಟೆಮಾಲಾದ ಈ ಗುಡ್ಡದೂರಿನ ಕಾಕ್ಚಿಕೆಲ್ ಮಾತಿಗೆ ಎರಡನೆಯದು: ಏನಾಯಿತು ಅನ್ನುವುದು ಮುಂದೆ, ಯಾರು ಅನ್ನುವುದು ಹಿಂದೆ. (ನಿಜಕ್ಕೂ ಅಜ್ಜಿ ಅಳಲೇ ಇಲ್ಲ. ಆ ವಾಕ್ಯ ಹೊಡೆದುಹಾಕಿ.)

೧.

ಭಾಷೆಯ ಅಧ್ಯಯನಕ್ಕಾಗಿ ಚಿತ್ರ ತೋರಿಸುವುದು ನನ್ನ ಕೆಲಸ. ಕುದುರೆ ಒದೆಯುತ್ತಿದೆ, ಹೆಂಗಸು ಬುಟ್ಟಿ ಹೊತ್ತಿದ್ದಾಳೆ. ನೋಡಿದವರು ಒಂದು ವಾಕ್ಯ ಹೇಳುತ್ತಾರೆ, ಯಾವ ಪದ ಮೊದಲು ಬಂತು ಅಂತ ನಾನು ಗುರುತು ಹಾಕಿಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಜನ ಎರಡೂ ಥರ ಹೇಳುತ್ತಾರೆ ಅಂತ ಗೊತ್ತು. ಆದರೆ ನೇಯ್ಗೆಯ ತೋಮಾಸಾ ಅಜ್ಜಿ ಅರವತ್ತು ಚಿತ್ರಕ್ಕೆ ಅರವತ್ತು ಸಲವೂ ‘ಯಾರು’ ಅನ್ನುವುದನ್ನೇ ಮೊದಲು ಹೇಳಿದಳು.

“ಒಂದು ಸಲಾನೂ ಬದಲಾಗ್ಲಿಲ್ವಲ್ಲ ಅಜ್ಜಿ. ಸ್ಪ್ಯಾನಿಷ್ ಅಭ್ಯಾಸವಾ?”

“ಸ್ಪ್ಯಾನಿಷ್‌ನಲ್ಲಿ ನಂಗೆ ಬರೋದು ಚೌಕಾಸಿ ಒಂದೇ. ಹೆಸರು ಮೊದ್ಲು ಹೇಳ್ಬೇಕು ಮಗಳೇ. ಕೇಳೋರನ್ನ ಕಾಯಿಸ್ಬಾರ್ದು.”

೨.

(ಇದು ಮೂರನೇ ಡ್ರಾಫ್ಟ್. ಹಿಂದಿನೆರಡರಲ್ಲಿ ಮಂಜು, ಕಣಿವೆ, ಹೆಡ್‌ಲೈಟು ಎಲ್ಲ ಇತ್ತು. ಓದಿ ಹೇಳಿದಾಗ ಅಜ್ಜಿ, “ನೀನು ಅಲ್ಲಿದ್ಯಾ? ನಾನೂ ಇರ್ಲಿಲ್ಲ” ಅಂದಳು. ತೆಗೆದೆ.)

ಹದಿನಾಲ್ಕು ವರ್ಷದ ಹಿಂದೆ ಅಜ್ಜಿಯ ಇಬ್ಬರು ಮಕ್ಕಳು, ಲಿಸಾಂದ್ರೊ ಮತ್ತು ಒಬ್ದುಲಿಯೊ, ಬ್ರೊಕೊಲಿ ತುಂಬಿದ ಟ್ರಕ್ಕಿನಲ್ಲಿ ಹೋಗುತ್ತಿದ್ದಾಗ ಟ್ರಕ್ಕು ಉರುಳಿತು. ಪಕ್ಕದ ಮನೆಯ ಪೆತ್ರೋನಾ ಏರು ಹತ್ತಿ ಓಡಿ ಬಂದು “ಸತ್ತೋದ” ಅಂದಳು.

“ಹೆಸರು ಹೇಳೋಕೆ ಅವಳ ಹತ್ರ ಉಸಿರಿರ್ಲಿಲ್ಲ,” ಅಂದಳು ಅಜ್ಜಿ. “ಗೋಡೆ ಹಿಡ್ಕೊಂಡು ನಿಂತ್ಲು. ಅಷ್ಟರಲ್ಲಿ ನಾನು ಬೇಡ್ಕೊಂಡ್ಬಿಟ್ಟೆ. ಲಿಸಾಂದ್ರೊ ಆಗದಿರ್ಲಿ ಅಂತ. ಇದ್ದಿದ್ದೇ ಇಬ್ರು. ಒಬ್ಬನ್ನ ಉಳಿಸು ಅಂದ್ರೆ ಇನ್ನೊಬ್ಬನ್ನ ತಗೋ ಅಂತಾನೇ ಅಲ್ವಾ?”

ಪೆತ್ರೋನಾ ಕೊನೆಗೆ ಹೇಳಿದ ಹೆಸರು ಒಬ್ದುಲಿಯೊ.

(ಕನ್ನಡದಲ್ಲಾದರೆ ಅವಳು ಹೆಸರಿನಿಂದಲೇ ಶುರು ಮಾಡುತ್ತಿದ್ದಳು. ಆಗಲೂ ಅವನಿಗೇನಾಯಿತು ಅಂತ ಅಜ್ಜಿ ಕಾಯಬೇಕಿತ್ತು, ಆದರೆ ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕಿರಲಿಲ್ಲ.)

೩.

ಅಜ್ಜಿ ಇದನ್ನು ಹೇಳುವಾಗ ಲಿಸಾಂದ್ರೊ ನನ್ನ ಕೋಣೆಯ ಬಾಗಿಲಲ್ಲಿದ್ದ. ಎಲ್ಲ ಕೇಳಿಸಿಕೊಂಡಿದ್ದ. (ಪಾತ್ರಗಳನ್ನು ಬಾಗಿಲಲ್ಲಿ ನಿಲ್ಲಿಸುವುದು ಕಥೆಗಾರರ ಹಳೇ ಚಟ. ಆದರೆ ಅಮ್ಮನನ್ನು ಕರೆದೊಯ್ಯಲು ನಾಲ್ಕಕ್ಕೆ ಬಾ ಅಂದಿದ್ದೆ, ತಡ ಮಾಡಿದವಳು ನಾನು.)

“ಅದಕ್ಕೇನಾ ಇಷ್ಟು ವರ್ಷ ನನ್ ಮುಖ ನೋಡ್ತಿರ್ಲಿಲ್ಲ?” ಅಂದ.

“ನೋಡಿದ್ರೆ ಅವನ್ನ ಬಿಟ್ಕೊಟ್ಟಿದ್ದು ನೆನಪಾಗ್ತಿತ್ತು ಕಣೋ.”

“ನಾನು ಬೇರೇನೇ ತಿಳ್ಕೊಂಡಿದ್ದೆ ಅಮ್ಮ. ಸ್ಟೀರಿಂಗ್ ಹಿಡಿದಿದ್ದೋನು ನಾನು. ಇವನೇ ಸಾಯ್ಬೇಕಿತ್ತು ಅಂತ ನಿನ್ ಮನಸ್ಸಲ್ಲಿದೆ ಅಂದ್ಕೊಂಡಿದ್ದೆ.”

ಅಜ್ಜಿ ಎದ್ದಳು. ಅವನ ಗಲ್ಲ ಹಿಡಿದು, ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದೆಯಾ ಅಂತ ನೋಡುವ ಹಾಗೆ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಲವತ್ತು ದಾಟಿದ ಗಂಡಸು ಅವಳ ಎತ್ತರಕ್ಕೆ ಬಗ್ಗಿದ.

“ಈ ಹಲ್ಲು ಯಾವಾಗ ಬಿತ್ತು?”

“ಆರು ವರ್ಷ ಆಯ್ತು.”

೪.

ಮುಕ್ತಾಯ ಒಂದು: ತಾಯಿ ಮಗ ತಬ್ಬಿಕೊಂಡು ಅತ್ತರು. (ಲಿಸಾಂದ್ರೊಗೆ ಓದಿ ಹೇಳಿದೆ. “ಸಿನಿಮಾ” ಅಂದ.)

ಮುಕ್ತಾಯ ಎರಡು: ಎಲ್ಲರ ಮನಸ್ಸು ಹಗುರಾಯಿತು. (“ಯಾರ್ದು?” ಅಂದಳು ಅಜ್ಜಿ.)

ಆದದ್ದು ಇಷ್ಟು. ಅವನು ಅವಳ ನೂಲಿನ ಗಂಟು ಎತ್ತಿಕೊಂಡ; ಇಬ್ಬರೂ ಇಳಿಜಾರಿನಲ್ಲಿ ನಡೆದರು. ಅವಳು ಮತ್ತೆ ಮತ್ತೆ ಅವನ ಕಡೆ ತಿರುಗಿ ನೋಡುತ್ತಿದ್ದಳು. “ದಾರಿ ನೋಡ್ಕೊಂಡು ನಡಿಯಮ್ಮ” ಅಂತ ಅವನು ಗದರುವುದು ಕೇಳಿಸಿತು.

ಇಲ್ಲಿಗೆ ನಿಲ್ಲಿಸೋಣವೆಂದು, ಕೆಲವು ದಿನದ ಮೇಲೆ ಅಜ್ಜಿಯ ಮನೆಗೆ ಹೋಗಿ ಈ ಮೂರನೇ ಡ್ರಾಫ್ಟ್ ಓದಿದೆ. ಅವಳು ಮಗ್ಗದಿಂದ ತಲೆ ಎತ್ತಲಿಲ್ಲ.

“ಮುಗೀತು ಅಂತ ಬರೀಬೇಡ.”

“ಯಾಕಜ್ಜಿ?”

“ಒಬ್ದುಲಿಯೊಗೆ ಇನ್ನೂ ಹೇಳಿಲ್ವಲ್ಲ. ಭಾನುವಾರ ಸಮಾಧಿ ಹತ್ರ ಹೋಗ್ತೀವಿ, ಇಬ್ರೂ. ಅವನೇನಂತಾನೋ ಕೇಳ್ಕೊಂಡು ಆಮೇಲೆ ಬರಿ.”